ಪಡಸಾಲೆಯ ನೆಲ ಯಾರಿಗಾಗಿ?

ನಮ್ಮ ಮನೆಯ ಪಡಸಾಲೆಯ ನೆಲವನ್ನು ಬದಲಿಸಬೇಕೆಂಬ ಮಾತು ಎದ್ದದ್ದು ಕಳೆದ ವರ್ಷ, ಗಣೇಶನ ಹಬ್ಬ ಮುಗಿದ ಮೇಲೆ. ಹಬ್ಬಕ್ಕೆ ಬಂದಿದ್ದ ನೆಂಟರೊಬ್ಬರು ಬಾಗಿಲಲ್ಲಿ ಚಪ್ಪಲಿ ಕಳಚುತ್ತ, "ಇನ್ನೂ ಈ ಶಹಾಬಾದಿ ಕಲ್ಲನ್ನೇ ಇಟ್ಟುಕೊಂಡಿದ್ದೀರಾ?" ಎಂದು ಕೇಳಿದರು. ಅದರಲ್ಲಿ ಕುಹಕವಿರಲಿಲ್ಲ, ಸಹಜವಾದ ಅಚ್ಚರಿಯಷ್ಟೇ ಇತ್ತು. ಅವರು ಹೋಳಿಗೆ ಉಂಡು ಊರಿಗೆ ಮರಳಿದರು. 'ಇನ್ನೂ' ಎಂಬ ಆ ಪದ ಮಾತ್ರ ನಮ್ಮ ಮನೆಯಲ್ಲೇ ಉಳಿದುಬಿಟ್ಟಿತು. ಏಳು ವರ್ಷಗಳ ಕಾಲ ನಮ್ಮ ಕಣ್ಣಿಗೇ ಬೀಳದಿದ್ದ ನೆಲ ಅಂದಿನಿಂದ ದಿನವೂ ಕಾಣತೊಡಗಿತು. ಇಲ್ಲೊಂದು ಬಿರುಕು, ಅಲ್ಲೊಂದು ಎಣ್ಣೆಯ ಕಲೆ, ಕಿಟಕಿಯ ಬುಡದಲ್ಲಿ ಚಕ್ಕೆ ಎದ್ದ ಮೂಲೆ.

ಪುಣೆಯ ಹಳೆಯ ಸೊಸೈಟಿಯೊಂದರ ಮೂರನೆಯ ಮಹಡಿ ನಮ್ಮದು. 1970ರ ದಶಕದ ಕೊನೆಯಲ್ಲಿ ಎದ್ದ ಕಟ್ಟಡ. ಹದಿನೈದು ವರ್ಷ ಸರ್ಕಾರಿ ವಸತಿಗೃಹಗಳಲ್ಲಿ ಕಳೆದು, ಇಲಾಖೆಯಿಂದ ಗೃಹನಿರ್ಮಾಣದ ಮುಂಗಡ ಪಡೆದು ಕೊಂಡ ಮನೆ. ವಸತಿಗೃಹದಲ್ಲಿ ನೆಲದ ಬಗ್ಗೆ ಯೋಚಿಸುವ ಪ್ರಶ್ನೆಯೇ ಇರಲಿಲ್ಲ. ಮೊಸಾಯಿಕ್ ಇದ್ದರೆ ಮೊಸಾಯಿಕ್, ಬರಿಯ ಸಿಮೆಂಟ್ ಇದ್ದರೆ ಸಿಮೆಂಟ್. ಬಾಡಿಗೆದಾರನ ಅಭಿರುಚಿಗೆ ಲೋಕೋಪಯೋಗಿ ಇಲಾಖೆಯ ನಮೂನೆಗಳಲ್ಲಿ ಕಾಲಮ್ಮಿಲ್ಲ. ಸ್ವಂತ ಮನೆ ಎಂದರೆ ನೆಲದ ಮೇಲೆ ಅಧಿಕಾರ ಎಂಬುದು ನಮಗೆ ನಲವತ್ತು ದಾಟಿದ ಮೇಲೆ ತಿಳಿದ ಸಂಗತಿ.

ಪಡಸಾಲೆ ಎಂದು ಬರೆದೆವು. ನಿಜಕ್ಕೂ ಅದು ಹತ್ತಡಿ ಅಗಲ, ಹದಿನೆಂಟಡಿ ಉದ್ದದ 'ಹಾಲ್'. ನಡುಮನೆ, ಹಜಾರ, ಪಡಸಾಲೆ, ಜಗಲಿ ಎಂದು ನಮ್ಮ ಹಿರಿಯರ ಮನೆಗಳಲ್ಲಿ ಬೇರೆ ಬೇರೆ ಹೆಸರು, ಬೇರೆ ಬೇರೆ ಕೆಲಸಗಳಿದ್ದ ಜಾಗಗಳೆಲ್ಲ ನಗರದ ಫ್ಲ್ಯಾಟಿನಲ್ಲಿ ಒಂದೇ ಕೋಣೆಯಾಗಿ ಮಡಚಿಕೊಂಡಿವೆ. ಬಂದವರು ಕೂರುವುದು ಅಲ್ಲೇ, ಮಗಳು ಓದುವುದು ಅಲ್ಲೇ, ಅಮ್ಮ ಸೊಪ್ಪು ಬಿಡಿಸುವುದು ಅಲ್ಲೇ. ಹೀಗಾಗಿ ಆ ನೆಲವನ್ನು ಆರಿಸುವಾಗ ನಾವು ಆರಿಸುತ್ತಿರುವುದು ಯಾವ ಕೋಣೆಯ ನೆಲವನ್ನು ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕಿತ್ತು. ನಾವು ಕೇಳಿಕೊಳ್ಳಲಿಲ್ಲ. ನೆಂಟರು ಬಾಗಿಲಲ್ಲಿ ನಿಂತು ನೋಡುವ ಕೋಣೆ ಎಂದಷ್ಟೇ ಭಾವಿಸಿದೆವು.

ಕಚೇರಿಯ ಅಭ್ಯಾಸ ಮನೆಗೂ ಬರುತ್ತದೆ. ಮೂರು ಅಂಗಡಿಗಳಿಂದ ಮೂರು ದರಪಟ್ಟಿ ತರಿಸಿ, ತುಲನಾತ್ಮಕ ತಖ್ತೆಯೊಂದನ್ನು ತಯಾರಿಸಿ, ಅತಿ ಕಡಿಮೆ ದರದವರಿಗೆ ಕೆಲಸ ಕೊಡುವ ಹಂತಕ್ಕೆ ಎರಡೇ ವಾರದಲ್ಲಿ ತಲುಪಿದೆವು. ಈ ನಡುವೆ ನಾವು ಕಲಿತದ್ದು ಕಡಿಮೆಯಲ್ಲ. ವಿಟ್ರಿಫೈಡ್ ಟೈಲ್ ಎಂಬುದು ಜೇಡಿ, ಸಿಲಿಕಾ, ಫೆಲ್ಡ್‌ಸ್ಪಾರುಗಳ ಪುಡಿಯನ್ನು ಭಾರಿ ಒತ್ತಡದಲ್ಲಿ ಅಚ್ಚು ಹಾಕಿ, ಸುಮಾರು 1200 ಡಿಗ್ರಿ ಶಾಖದಲ್ಲಿ ಸುಟ್ಟು ಮಾಡುವ ವಸ್ತು. ಗಾಜಿನಂತೆ ಬಿಗಿಯಾದ್ದರಿಂದ ಅದು ಹೀರುವ ನೀರು ತನ್ನ ತೂಕದ ನೂರಕ್ಕೆ ಅರ್ಧ ಭಾಗಕ್ಕಿಂತಲೂ ಕಡಿಮೆ. ಬಹುಪಾಲು ಬರುವುದು ಗುಜರಾತಿನ ಮೋರ್ಬಿಯಿಂದ. ಅಮೃತಶಿಲೆಯ ಗೆರೆ, ತೇಗದ ಎಳೆ, ಸಿಮೆಂಟಿನ ಮಬ್ಬು, ಯಾವುದು ಬೇಕೋ ಅದು ಮೇಲ್ಪದರದಲ್ಲಿ ಅಚ್ಚಾಗಿ ಬರುತ್ತದೆ. ಹುಣಸೆಹುಳಿ ಚೆಲ್ಲಿದರೂ ನಿಂಬೆರಸ ಬಿದ್ದರೂ ಅದಕ್ಕೆ ಏನೂ ಆಗದು. ನಿಜವಾದ ಅಮೃತಶಿಲೆ ಹಾಗಲ್ಲ. ಅದು ಸುಣ್ಣದ ಜಾತಿಯ ಕಲ್ಲಾದ್ದರಿಂದ ಹುಳಿಗೆ ಸುಡುತ್ತದೆ. ಸಾರಿನ ಮನೆಗೆ ಅಮೃತಶಿಲೆ ಹೊಂದದು ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಮರದಂತೆ ಕಾಣುವ ಲ್ಯಾಮಿನೇಟ್ ಹಲಗೆಗಳನ್ನೂ ನೋಡಿದೆವು. ದಿನವೂ ಒದ್ದೆಬಟ್ಟೆಯಿಂದ ನೆಲ ಒರೆಸುವ ಜನರಿಗೆ ಅದು ಆಗದ ಮಾತು. ಅಂಚಿಗೆ ನೀರು ಇಳಿದರೆ ಊದಿಕೊಳ್ಳುತ್ತದೆ.

ಕೊನೆಗೆ ಕೆನೆಬಣ್ಣದ, ಕನ್ನಡಿಯಂತೆ ಹೊಳೆಯುವ ಟೈಲೊಂದು ಎಲ್ಲರಿಗೂ ಒಪ್ಪಿಗೆಯಾಯಿತು. ಎಲ್ಲರಿಗೂ ಎಂದರೆ, ನಮ್ಮಿಬ್ಬರಿಗೆ ಮತ್ತು ಮಗಳಿಗೆ. ಮಾದರಿಯ ತುಂಡೊಂದನ್ನು ಮನೆಗೆ ತಂದು ಸೋಫಾದ ಮುಂದೆ ಇಟ್ಟು, ಅದರ ಅಂದವನ್ನು ಹೊಗಳುತ್ತಿದ್ದೆವು. ಅಮ್ಮ ಒಳಗಿನಿಂದ ಕೋಲೂರಿಕೊಂಡು ಬಂದು ನೋಡಿದರು. ಮೊಮ್ಮಗಳ ಮುಖ ನೋಡಿ, "ಚೆನ್ನಾಗಿದೆ ಪುಟ್ಟಿ. ನನ್ನ ಕೋಲು ಎಲ್ಲಿ ಊರಲಿ ಅಂತ ಅದನ್ನೂ ಹೇಳಿಬಿಡಿ" ಎಂದರು.

ಇಲ್ಲಿ ಒಂದು ಹಿಂದಿನ ಕಥೆ ಹೇಳಬೇಕು. ಅಮ್ಮನಿಗೆ ಈಗ ಎಪ್ಪತ್ತಾರು. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ತಮ್ಮನ ಹೊಸ ಮನೆಯ ಹಾಲಿನಲ್ಲಿ, ಬೆಳಗ್ಗೆ ಆರು ಗಂಟೆಗೆ, ಆಗ ತಾನೇ ಒರೆಸಿದ್ದ ಇಂಥದೇ ಹೊಳೆಯುವ ನೆಲದ ಮೇಲೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ, ಮೂರು ತಿಂಗಳ ಹಾಸಿಗೆ, ಆಮೇಲೆ ಕೋಲು. ಶಿವಮೊಗ್ಗದ ಕಡೆಯ ಹಳೆಯ ಮನೆಯಲ್ಲಿ ಕೆಂಪು ಗಾರೆನೆಲದ ಮೇಲೆ ಐವತ್ತು ವರ್ಷ ಕೊಡ ಹೊತ್ತು ಓಡಾಡಿದ ಹೆಂಗಸು ಈಗ ಸ್ನಾನಕ್ಕೆ ಹೋಗುವಾಗಲೂ ಗೋಡೆ ಹಿಡಿಯುತ್ತಾರೆ. ಆ ಆಸ್ಪತ್ರೆಯ ದಿನಗಳನ್ನು ನಾವು ಮರೆತಿರಲಿಲ್ಲ. ಆದರೂ ಮೂರು ಅಂಗಡಿ ಸುತ್ತಿದೆವು, ಮೂರು ದರಪಟ್ಟಿ ತರಿಸಿದೆವು, ಬಣ್ಣ ಆರಿಸಿದೆವು. ಬಿದ್ದ ಅಮ್ಮನನ್ನು ಒಂದು ಮಾತು ಕೇಳಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ತಖ್ತೆಯಲ್ಲಿ ದರವಿತ್ತು, ಅಳತೆಯಿತ್ತು, ಸಾಗಣೆಯ ವೆಚ್ಚವಿತ್ತು, ಜಾರುವಿಕೆಗೆ ಅಂಕಣವಿರಲಿಲ್ಲ.

ಮರುದಿನ ಅಂಗಡಿಗೆ ಹೋಗಿ, ಈ ಟೈಲು ಎಷ್ಟು ಜಾರುತ್ತದೆ ಎಂದು ಕೇಳಿದೆವು. ಮಾರಾಟದ ಹುಡುಗ ಗಲಿಬಿಲಿಗೊಂಡ. ಅಳತೆ ಇಲ್ಲವೆಂದಲ್ಲ, ಇದೆ. ಜರ್ಮನಿಯಲ್ಲಿ ರೂಪಿಸಿದ ಪರೀಕ್ಷೆಯೊಂದರಲ್ಲಿ, ಎಣ್ಣೆ ಸವರಿದ ಇಳಿಜಾರಿನ ಮೇಲೆ ಬೂಟು ತೊಟ್ಟವರನ್ನು ನಡೆಸಿ, ಆರ್ 9ರಿಂದ ಆರ್ 13ರವರೆಗೆ ದರ್ಜೆ ಕೊಡುತ್ತಾರೆ. ಅಂಕಿ ಏರಿದಷ್ಟೂ ಹಿಡಿತ ಹೆಚ್ಚು. ಬರಿಗಾಲಿನವರಿಗೆ ಬೇರೆಯೇ ಪರೀಕ್ಷೆ, ಸಾಬೂನಿನ ನೀರು ಹರಿಸಿದ ಇಳಿಜಾರು. ಅದರ ದರ್ಜೆಗಳು ಎ, ಬಿ, ಸಿ. ಮನೆಯೊಳಗೆ ಬರಿಗಾಲಲ್ಲಿ ನಡೆಯುವ ನಮಗೆ ಬೇಕಾದದ್ದು ಎರಡನೆಯದು. ನಾವು ಕಂಡ ಅಂಗಡಿಗಳಲ್ಲಿ ಎರಡನ್ನೂ ಯಾರೂ ತಾವಾಗಿ ಹೇಳಲಿಲ್ಲ. ಹೊಳಪನ್ನು ತೋರಿಸಲು ಮಾತ್ರ ಮೂರು ಬಗೆಯ ದೀಪಗಳನ್ನು ಹಾಕಿ ತೋರಿಸಿದರು. ಹಿಡಿತವನ್ನು ಅಂಗಡಿಯಲ್ಲಿ ಕಾಣಲಾಗದು, ಹೊಳಪು ಕಾಣುತ್ತದೆ, ಮಾರಾಟವಾಗುವುದು ಕಂಡದ್ದೇ.

ಅಮ್ಮನ ಮಾತಿನ ಮೇಲೆ ಇನ್ನೊಬ್ಬರ ಅಭಿಪ್ರಾಯವನ್ನೂ ಕೇಳುವ ಬುದ್ಧಿ ಬಂತು. ನಮ್ಮ ಮನೆಗೆಲಸಕ್ಕೆ ಬರುವ ಬಾಯಿ ದಿನಕ್ಕೆ ಆರು ಮನೆಗಳ ನೆಲ ಒರೆಸುತ್ತಾರೆ. ನೆಲಗಳ ಬಗ್ಗೆ ಅವರಿಗಿಂತ ಹೆಚ್ಚು ಬಲ್ಲವರು ನಮ್ಮ ಪರಿಚಯದಲ್ಲಿಲ್ಲ. ಮರಾಠಿಯಲ್ಲಿ ಅವರು ಹೇಳಿದ್ದಿಷ್ಟು: ಹೊಳೆಯುವ ಬಿಳಿ ನೆಲದಲ್ಲಿ ಒಂದೊಂದು ಹೆಜ್ಜೆಯೂ ಒಂದೊಂದು ಕೂದಲೂ ಕಾಣುತ್ತದೆ, ಒಮ್ಮೆ ಒರೆಸಿದರೆ ಬಟ್ಟೆಯ ಗೆರೆ ಉಳಿಯುತ್ತದೆ, ಎರಡನೆಯ ಸಲ ಒಣಬಟ್ಟೆ ಹಾಕಬೇಕು, ಸಂಬಳ ಮಾತ್ರ ಒಂದೇ ಸಲದ್ದು. ನಿಮ್ಮ ಕಲ್ಲು ಬೂದುಬಣ್ಣದ್ದು, ಅದು ಕ್ಷಮಿಸುತ್ತದೆ. 'ಕ್ಷಮಿಸುತ್ತದೆ' ಎಂಬುದು ಅವರದೇ ಪದ.

ಟೈಲು ಹಾಕುವ ಕೆಲಸವನ್ನು ಅಂದಾಜು ಮಾಡಲು ಮೇಸ್ತ್ರಿಯೊಬ್ಬರು ಬಂದದ್ದು ಆ ವಾರವೇ. ಹಳೆಯ ನೆಲದ ಮೇಲೆಯೇ ಅಂಟು ಹಾಕಿ ಟೈಲು ಕೂರಿಸಬಹುದು, ಆದರೆ ನೆಲ ಮುಕ್ಕಾಲು ಇಂಚಿನಷ್ಟು ಏರುತ್ತದೆ, ಬಾಗಿಲುಗಳ ಬುಡ ಕತ್ತರಿಸಬೇಕು, ಪಡಸಾಲೆಗೂ ಒಳಕೋಣೆಗೂ ನಡುವೆ ಒಂದು ಸಣ್ಣ ಎಡವು ಹುಟ್ಟುತ್ತದೆ. ಕೋಲು ಹಿಡಿದವರಿಗೆ ಮುಕ್ಕಾಲು ಇಂಚು ಎಂದರೆ ಮೆಟ್ಟಿಲೇ. ಒಡೆದು ತೆಗೆಯುವುದಾದರೆ ಕಲ್ಲಿನ ಕೆಳಗಿನ ಗಾರೆಯನ್ನೂ ಸೇರಿಸಿ ಮೂರು ನಾಲ್ಕು ಇಂಚು ಅಗೆಯಬೇಕು. ಕೆಳಮನೆಯವರ ಸೀಲಿಂಗು, ಸೊಸೈಟಿಯ ಅನುಮತಿ, ಠೇವಣಿ, ಮೂರು ಮಹಡಿ ಇಳಿಸಬೇಕಾದ ಅವಶೇಷ. ಇದನ್ನೆಲ್ಲ ಹಿಂದಿಯಲ್ಲಿ ವಿವರಿಸುತ್ತಿದ್ದ ಅವರು ನಡುವೆ ನಮ್ಮ ಮನೆಮಾತು ಕೇಳಿ ತಟಕ್ಕನೆ ಕನ್ನಡಕ್ಕೆ ತಿರುಗಿದರು. ಕಲಬುರಗಿ ಕಡೆಯವರು, ಪುಣೆಗೆ ಬಂದು ಇಪ್ಪತ್ತು ವರ್ಷ. ಕುಕ್ಕರಗಾಲಲ್ಲಿ ಕುಳಿತು, ಒಂದು ನಾಣ್ಯದಿಂದ ಕಲ್ಲುಗಳನ್ನು ಒಂದೊಂದಾಗಿ ತಟ್ಟಿ ನೋಡಿದರು. ಟೊಳ್ಳು ಸದ್ದು ಬಂದದ್ದು ನಾಲ್ಕೈದಕ್ಕೆ ಮಾತ್ರ.

"ಇದು ನಮ್ಮ ಕಡಿ ಪರಸಿ ಅದ ರೀ ಸರ. ಚಲೋ ದಪ್ಪ ಕಲ್ಲ ಅದ. ಯಾಕ ಒಡಸ್ತೀರಿ ಇದನ್ನ?"

ಅಮ್ಮ ಒಳಗಿನಿಂದಲೇ, "ಹಾಗೆ ಹೇಳಪ್ಪ, ನನ್ನ ಮಾತು ಇಲ್ಲಿ ಯಾರೂ ಕೇಳಲ್ಲ" ಎಂದರು. "ಅಮ್ಮಾರ, ನಿಮ್ಮದು ಯಾ ಊರ್ರಿ?" ಎಂದು ಅವರು ಕೇಳಿದ ಮೇಲೆ ಅಂದಾಜಿನ ಕೆಲಸ ಒಂದು ಗಂಟೆ ನಿಂತಿತು. ಶಿವಮೊಗ್ಗದ ಕನ್ನಡಕ್ಕೂ ಕಲಬುರಗಿಯ ಕನ್ನಡಕ್ಕೂ ನಡುವೆ ಹಲವು ಸಲ 'ಏನಂದ್ರಿ?' ಬಂದುಹೋಯಿತು. ಚಹಾ ಎರಡು ಸಲ ಆಯಿತು.

ಆ ರಾತ್ರಿ ನಾವು ನೆಲವನ್ನು ಬೇರೆ ಕಣ್ಣಿನಿಂದ ನೋಡಿದೆವು ಎಂದು ಹೇಳಬೇಕು. ಶಹಾಬಾದಿ ಎಂಬ ಪದವನ್ನು ಪುಣೆ ಮುಂಬಯಿಗಳಲ್ಲಿ ಎಷ್ಟು ಸಲ ಕೇಳಿದ್ದೇವೆ! ಇಲ್ಲಿ ಅದು ಊರಿನ ಹೆಸರೇ ಅಲ್ಲ, ಒಂದು ವಸ್ತುವಿನ ಹೆಸರು. ಚಾಳುಗಳ ಮೊಗಸಾಲೆ, ಅಡಿಗೆಮನೆಯ ಕಟ್ಟೆ, ಬಟ್ಟೆ ಒಗೆಯುವ ಮೂಲೆ. ಊರು ಮಾತ್ರ ಕಲಬುರಗಿ ಜಿಲ್ಲೆಯಲ್ಲಿದೆ. ಭೀಮಾ ಮತ್ತು ಅದರ ಉಪನದಿ ಕಾಗಿಣಾಗಳ ಆ ಬಯಲಿನಲ್ಲಿ ಸುಣ್ಣಕಲ್ಲು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಮಲಗಿದೆ. ಹಾರೆ ಹಾಕಿ ಎಬ್ಬಿಸಿದರೆ ತಾನಾಗಿ ಚಪ್ಪಡಿಯಾಗಿ ಏಳುತ್ತದೆ. ಮುಂಬಯಿಯಿಂದ ಪುಣೆ, ಸೊಲ್ಲಾಪುರ, ಕಲಬುರಗಿ, ಶಹಾಬಾದ್, ವಾಡಿಗಳ ಮೇಲೆ ರಾಯಚೂರಿನವರೆಗೆ ರೈಲುಮಾರ್ಗ 1871ರಲ್ಲಿ ಪೂರ್ಣಗೊಂಡಿತು. ನಮ್ಮ ನಿಮ್ಮಂಥವರು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋಗಿಬರುವುದು ಅದೇ ದಾರಿಯಲ್ಲಿ. ಕಲ್ಲಿಗೂ ನಮಗೂ ಈ ಊರುಗಳಿಗೆ ದಾರಿ ಒಂದೇ.

ಇನ್ನೊಂದು ಮಾತು. ರಾಷ್ಟ್ರಕೂಟರ ಮಾನ್ಯಖೇಟ, ಇಂದಿನ ಮಳಖೇಡ, ಇರುವುದು ಆ ಕಾಗಿಣಾ ನದಿಯ ದಂಡೆಯ ಮೇಲೆಯೇ. ಅಲ್ಲಿನ ಕೋಟೆಗೆ ಬಳಸಿದ್ದು ಆ ಸೀಮೆಯ ಇದೇ ಸುಣ್ಣಕಲ್ಲು. ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ 'ಕವಿರಾಜಮಾರ್ಗ' ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆ ಆಸ್ಥಾನದಲ್ಲಿ ಹುಟ್ಟಿತು. ನವೆಂಬರ್ ಬಂದರೆ ಹೊರನಾಡಿನ ನಮ್ಮ ವೇದಿಕೆಗಳಲ್ಲಿ ಆ ಗ್ರಂಥದ ಹೆಸರೆತ್ತದ ಭಾಷಣವಿಲ್ಲ. ನೆಲ-ಜಲ ಎಂಬ ಜೋಡಿಪದವನ್ನು ಉಚ್ಚರಿಸದ ಭಾಷಣವಂತೂ ಇಲ್ಲವೇ ಇಲ್ಲ. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಅನುವಾದದ ಪಾಠ ಕೇಳುತ್ತಿದ್ದಾಗ ನಮಗೊಂದು ಸೋಜಿಗವಿತ್ತು: ಇಂಗ್ಲಿಷಿನಲ್ಲಿ ಮನೆಯ ನೆಲಕ್ಕೆ 'ಫ್ಲೋರ್', ಹೊರಗಿನ ನೆಲಕ್ಕೆ 'ಗ್ರೌಂಡ್', ನಾಡಿನ ನೆಲಕ್ಕೆ 'ಲ್ಯಾಂಡ್', ಕನ್ನಡಕ್ಕೆ ಮೂರಕ್ಕೂ ಒಂದೇ ನೆಲ ಸಾಕು. ಭಾಷಣ ಮುಗಿಸಿ ಮನೆಗೆ ಬಂದು, ಆ ನೆಲದ ತುಂಡನ್ನೇ ಮೆಟ್ಟಿಕೊಂಡು, ಅದನ್ನು ಒಡೆಸಲು ದರಪಟ್ಟಿ ಹೋಲಿಸುತ್ತಿದ್ದವರು ನಾವು.

ಇಷ್ಟಾಗಿಯೂ ಒಂದು ಎಚ್ಚರ ಬೇಕು. ಕಲ್ಲು ಕನ್ನಡದ್ದು ಎಂಬ ಕಾರಣಕ್ಕೇ ಅದನ್ನು ಉಳಿಸಿಕೊಳ್ಳಬೇಕೆಂದು ನಾವು ವಾದಿಸುತ್ತಿಲ್ಲ. ಕಲ್ಲಿಗೆ ಭಾಷೆಯಿಲ್ಲ. ಆ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಕಲ್ಲಿನ ಪದರಗಳಿಗೆ ಇದಾವುದರ ಅರಿವಿಲ್ಲ. ಅದೇ ಜಾತಿಯ ಸುಣ್ಣಕಲ್ಲು ಗಡಿಯಾಚೆ ತಾಂಡೂರಿನಲ್ಲೂ ಸಿಗುತ್ತದೆ; ಹೈದರಾಬಾದಿನ ನಮ್ಮ ಗೆಳೆಯರ ಹಳೆಯ ಮನೆಗಳಲ್ಲಿ ಅದೇ ಹಾಸುಗಲ್ಲು. ಅಮ್ಮ ಮತ್ತೊಮ್ಮೆ ಬೀಳುವಂತಿದ್ದರೆ ಮಾನ್ಯಖೇಟದ ಕಲ್ಲನ್ನಾದರೂ ಕಿತ್ತು ಹಾಕುತ್ತಿದ್ದೆವು. ಹಾಗೆ ನೋಡಿದರೆ ಶಹಾಬಾದಿಯ ದೋಷಗಳೂ ಸಣ್ಣವಲ್ಲ. ಹುಳಿಗೆ ಅದೂ ಸುಡುತ್ತದೆ. ಆಸಿಡ್ ಹಾಕಿ ತೊಳೆದರಂತೂ ಕಥೆ ಮುಗಿಯಿತು. ಎಣ್ಣೆ ಕುಡಿಯುತ್ತದೆ. ಬೂದುಬಣ್ಣ ಬೆಳಕನ್ನು ನುಂಗುತ್ತದೆ, ನಮ್ಮ ಹಾಲಿಗೆ ಕಿಟಕಿ ಇರುವುದು ಒಂದೇ ಕಡೆ. ಮಗಳ ತಕರಾರು ಇದೇ, ಅದರಲ್ಲಿ ನ್ಯಾಯವಿದೆ.

ನಾವು ಹೇಳಬಯಸುವುದು ಬೇರೆ. ನೆಲವನ್ನು ಆರಿಸುವ ಹಕ್ಕು ಮೊದಲು ನೆಲಕ್ಕೆ ಹತ್ತಿರ ಇರುವವರಿಗೆ ಸಲ್ಲಬೇಕು. ಅಂಬೆಗಾಲಿಡುವ ಮಗು, ಕೋಲೂರುವ ಮುದುಕಿ, ಬಗ್ಗಿ ಒರೆಸುವ ಹೆಂಗಸು, ಚಾಪೆ ಹಾಸಿ ಮಲಗುವ ನೆಂಟರ ಹುಡುಗ, ಇವರು ನೆಲವನ್ನು ಮೈಯಿಂದ ಬಲ್ಲರು. ನಾವು ನಡುವಯಸ್ಸಿನವರು, ಸಂಬಳದವರು, ಕುರ್ಚಿಯ ಮೇಲೆ ಕೂತವರು, ಅದನ್ನು ಕಣ್ಣಿನಿಂದ ಮಾತ್ರ ಬಲ್ಲೆವು. ಆದರೆ ಹಣ ಕೊಡುವವರು ನಾವಾದ್ದರಿಂದ ಮಾರುಕಟ್ಟೆ ನಮ್ಮ ಕಣ್ಣನ್ನೇ ಓಲೈಸುತ್ತದೆ. ಹೊರನಾಡಿನಲ್ಲಿ ಇದಕ್ಕೆ ಇನ್ನೊಂದು ಒತ್ತಡವೂ ಸೇರುತ್ತದೆ. ಪರವೂರಿನಲ್ಲಿ ಬೇರೂರಿದ್ದೇವೆ, ಚೆನ್ನಾಗಿದ್ದೇವೆ ಎಂದು ಊರಿನವರಿಗೆ ತೋರಿಸುವ ತುರ್ತು. ಊರಿನಿಂದ ಬಂದ ನೆಂಟರು 'ಇನ್ನೂ' ಎಂದುಬಿಟ್ಟರೆ ನಮಗೆ ಆಗುವ ಕಸಿವಿಸಿಯ ಮೂಲ ಅಲ್ಲಿದೆ.

ಚೆನ್ನೈಯಲ್ಲಿರುವವರು ಆತ್ತಂಗುಡಿಯ ಹೂವಿನ ಟೈಲುಗಳನ್ನು ನೋಡಿರಬಹುದು. ಗಾಜಿನ ಹಲಗೆಯ ಮೇಲೆ ಬಣ್ಣದ ಸಿಮೆಂಟ್ ಸುರಿದು, ಸುಡದೆ, ನೀರಿನಲ್ಲಿ ನೆನೆಸಿ ಹದಗೊಳಿಸುವ ಅವು ಕಾಲು ಸವೆಸಿದಷ್ಟೂ ನುಣುಪಾಗುತ್ತವೆ. ದಕ್ಷಿಣ ಮುಂಬಯಿಯ ಹಳೆಯ ಕಟ್ಟಡಗಳಲ್ಲಿ, 1922ರಲ್ಲಿ ಸ್ವದೇಶಿಯ ಹುರುಪಿನಲ್ಲಿ ಆರಂಭವಾದ ಭಾರತ್ ಫ್ಲೋರಿಂಗ್ಸ್ ಕಾರ್ಖಾನೆಯ ಸಿಮೆಂಟ್ ಟೈಲುಗಳು ಇಂದಿಗೂ ಗಟ್ಟಿಯಾಗಿವೆ. ದೆಹಲಿಯ ಗೆಳೆಯರು ಬೇರೆ ಮಾತು ಹೇಳಿಯಾರು: ಜನವರಿಯಲ್ಲಿ ಕಲ್ಲಿನ ನೆಲದ ಮೇಲೆ ಕಾಲಿಟ್ಟರೆ ಹಲ್ಲು ಕಟಕಟಿಸುತ್ತದೆ. ಅವರಿಗೆ ಜಮಖಾನೆಯೋ ಮತ್ತೊಂದೋ ಬೇಕು. ಒಂದೂರಿನ ಉತ್ತರ ಇನ್ನೊಂದೂರಿಗೆ ಹೊಂದದು. ಹಳೆಯ ನೆಲಗಳೆಲ್ಲ ಒಳ್ಳೆಯವು ಎಂಬ ವಾದವೂ ನಮ್ಮದಲ್ಲ. ಸೆಗಣಿ ಸಾರಿಸಿದ ನೆಲದ ಬಗ್ಗೆ ಲೇಖನ ಬರೆಯುವವರಲ್ಲಿ ಸಾರಿಸಿದವರು ಕಡಿಮೆ. ಅಮ್ಮನನ್ನು ಕೇಳಿದರೆ, "ಆ ಕಷ್ಟ ಯಾರಿಗೂ ಬೇಡ" ಎನ್ನುತ್ತಾರೆ.

ಕೊನೆಗೆ ನಾವು ಮಾಡಿದ್ದು ಇಷ್ಟು. ಪಡಸಾಲೆಯ ನಲವತ್ತೈದು ಕಲ್ಲುಗಳಲ್ಲಿ ಆರನ್ನು ಮಾತ್ರ ಎಬ್ಬಿಸಿ ಬೇರೆ ಹಾಕಿಸಿದೆವು. ಉಳಿದವನ್ನು ಯಂತ್ರದಿಂದ ಉಜ್ಜಿಸಿದೆವು, ಒರಟು ಸಾಣೆಯಿಂದ ನಯವಾದ ಸಾಣೆಯವರೆಗೆ ನಾಲ್ಕು ಸುತ್ತು. ಕನ್ನಡಿಯ ಹೊಳಪು ಬರುವ ಕೊನೆಯ ಸುತ್ತನ್ನು ಬೇಡವೆಂದೆವು. ಮೂರು ದಿನ ಮನೆಯೆಲ್ಲ ಬೂದುಕೆಸರು, ಪುಸ್ತಕದ ಕಪಾಟಿನ ಗಾಜಿನ ಮೇಲೂ ಅದೇ. ಖರ್ಚು ಹೊಸ ಟೈಲಿನ ಅಂದಾಜಿನ ನಾಲ್ಕನೆಯ ಒಂದು ಭಾಗವೂ ಆಗಲಿಲ್ಲ. ಉಳಿದ ಹಣದಲ್ಲಿ ಬಚ್ಚಲಿಗೆ ಮತ್ತು ಅಲ್ಲಿಗೆ ಹೋಗುವ ಓಣಿಗೆ ಒರಟು ಮೈಯ ವಿಟ್ರಿಫೈಡ್ ಟೈಲು ಹಾಕಿಸಿದೆವು. ನೀರಿರುವ ಕಡೆ ಅದೇ ಸರಿ. ಗೋಡೆಗೆ ಹಿಡಿಕೆಯ ಕೊಳವೆ, ಹಾಲಿಗೆ ಎರಡು ಹೆಚ್ಚಿನ ದೀಪ. ಮಗಳ ತಕರಾರಿಗೆ ಅರ್ಧ ಉತ್ತರ ಸಿಕ್ಕಿತು.

ಹೊಸದಾಗಿ ತಂದ ಆರು ಕಲ್ಲುಗಳ ಬಣ್ಣ ಹಳೆಯದಕ್ಕೆ ಹೊಂದಲಿಲ್ಲ ಎಂಬುದನ್ನು ಮುಚ್ಚಿಡಬಾರದು. ತುಸು ನೀಲಿ ಹೆಚ್ಚು. ನಾಲ್ಕು ವರ್ಷದಲ್ಲಿ ಕೂಡಿಕೊಳ್ಳುತ್ತವೆ ಎಂದು ಮೇಸ್ತ್ರಿ ಭರವಸೆ ಕೊಟ್ಟಿದ್ದಾರೆ. ಸದ್ಯಕ್ಕೆ ಕಿಟಕಿಯ ಬಳಿ ಅವು ತೇಪೆಯಂತೆ ಕಾಣುತ್ತವೆ. ಅಮ್ಮ ಬೆಳಗಿನ ಬಿಸಿಲಿಗೆ ಮಣೆ ಹಾಕಿಕೊಂಡು ಮೆಂತ್ಯಸೊಪ್ಪು ಬಿಡಿಸಲು ಕೂರುವುದು ಆ ತೇಪೆಯ ಮೇಲೆಯೇ. ಅಲ್ಲಿಂದ ಏಳುವಾಗ ಈಗ ಅವರು ಯಾರನ್ನೂ ಕೂಗುವುದಿಲ್ಲ. ಬರುವ ಗಣೇಶನ ಹಬ್ಬಕ್ಕೆ ಅದೇ ನೆಂಟರು ಮತ್ತೆ ಬರುವವರಿದ್ದಾರೆ.